ಪರದೇಶದ ಸಹಪಾಠಿಗಳಿಂದ ನಾವು ನಿಜವಾಗಿ ಕಲಿಯುವುದು ಏನು?

ಉಪನ್ಯಾಸಕಿ, ಹಾಸನ

ಸದಸ್ಯರಿಗೆಲ್ಲ ನಮಸ್ಕಾರ. ನಾನು ಪಾಠ ಮಾಡುವ ಕಾಲೇಜಿನಲ್ಲಿ ಇಥಿಯೋಪಿಯಾ, ತಾಂಜಾನಿಯಾ, ನೇಪಾಳ, ಭೂತಾನ್ ಮುಂತಾದ ದೇಶಗಳ ವಿದ್ಯಾರ್ಥಿಗಳಿದ್ದಾರೆ. 1950ರಲ್ಲಿ ಸ್ಥಾಪನೆಯಾದ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಮಂಡಳಿಯ ವಿದ್ಯಾರ್ಥಿವೇತನ ಪಡೆದು ಬಂದವರು ಕೆಲವರಾದರೆ, ಸ್ವಂತ ಖರ್ಚಿನಲ್ಲಿ ಓದುತ್ತಿರುವವರು ಇನ್ನು ಕೆಲವರು. ಬರುವ ಸೆಪ್ಟೆಂಬರಿನಲ್ಲಿ ‘ಸಂಸ್ಕೃತಿ ದಿನ’ ನಡೆಯಲಿದ್ದು, ಅವರೆಲ್ಲರೂ ತಮ್ಮ ತಮ್ಮ ದೇಶದ ಉಡುಗೆ ತೊಟ್ಟು ವೇದಿಕೆಗೆ ಬಂದು, ಐದು ನಿಮಿಷ ಮಾತನಾಡಿ, ಒಂದು ಹಾಡಿಗೆ ಹೆಜ್ಜೆ ಹಾಕಬೇಕೆಂಬುದು ಸಮಿತಿಯ ಪ್ರಸ್ತಾಪ. ಕಳೆದ ವರ್ಷವೂ ಹೀಗೆಯೇ ನಡೆಯಿತು. ಚಪ್ಪಾಳೆ ಬಿತ್ತು, ಫೋಟೋ ತೆಗೆಸಿಕೊಂಡರು. ಮರುದಿನ ತರಗತಿಯಲ್ಲಿ ಮೊದಲಿನಂತೆಯೇ ನಮ್ಮವರು ನಮ್ಮವರ ಜೊತೆ, ಅವರು ಅವರ ಜೊತೆ ಕುಳಿತಿದ್ದರು.

ನನ್ನ ಸಂದೇಹ ಇಷ್ಟೇ. ಒಂದೇ ಪ್ರಯೋಗಾಲಯದಲ್ಲಿ, ಒಂದೇ ಊಟದ ಮನೆಯಲ್ಲಿ ವರ್ಷಗಟ್ಟಲೆ ಒಟ್ಟಿಗೆ ಇರುವವರ ಬಗ್ಗೆ ನಮ್ಮ ಹುಡುಗರಿಗೆ ತಿಳಿದಿರುವುದು ಆ ಐದು ನಿಮಿಷದಷ್ಟೇ ಏಕೆ? ಪರದೇಶದವರ ಜೊತೆ ಓದಿದವರು, ಇಲ್ಲವೇ ಪರದೇಶಕ್ಕೆ ಹೋಗಿ ಓದಿದವರು ಇಲ್ಲಿ ಬಹಳ ಮಂದಿ ಇದ್ದೀರಿ. ನೀವು ಏನನ್ನು ಕಲಿತಿರಿ, ಅದು ಯಾವ ಸಂದರ್ಭದಲ್ಲಿ ಒದಗಿತು ಎಂಬುದನ್ನು ದಯವಿಟ್ಟು ಬರೆಯಿರಿ. ಸಮಿತಿಯ ಮುಂದೆ ಬೇರೆ ಯೋಚನೆಯೊಂದನ್ನು ಇಡಲು ಅದು ನನಗೆ ನೆರವಾಗುತ್ತದೆ.

ಕಾಫಿ ಬೆಳೆಗಾರ್ತಿ, ಚಿಕ್ಕಮಗಳೂರು

ಮೇಡಂ, ವೇದಿಕೆಯಿಂದ ನಾನು ಕಲಿತದ್ದು ಬಹಳ ಕಡಿಮೆ. ಬೆಂಗಳೂರಿನಲ್ಲಿ ಕೃಷಿ ವಿಷಯದ ಸ್ನಾತಕೋತ್ತರ ಪದವಿ ಓದುವಾಗ ಇಥಿಯೋಪಿಯಾದ ಜಿಮ್ಮಾ ಕಡೆಯ ಸಹಪಾಠಿಯೊಬ್ಬಳು ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿಯೇ ಇದ್ದಳು. ಕಾಫಿ ನಮ್ಮಿಬ್ಬರ ಮನೆಯ ಬೆಳೆಯಾದ್ದರಿಂದ ಮಾತಿಗೆ ಕೊರತೆ ಇರಲಿಲ್ಲ. ಬಾಬಾಬುಡನ್ ಅವರು ಯೆಮನ್‌ನಿಂದ ಏಳು ಬೀಜ ತಂದು ನಮ್ಮ ಗಿರಿಯಲ್ಲಿ ನೆಟ್ಟರೆಂಬ ಕಥೆಯನ್ನು ನಮ್ಮ ಜಿಲ್ಲೆಯ ಮಕ್ಕಳೆಲ್ಲ ಹೇಳುವಂತೆ ನಾನೂ ಹೇಳಿದೆ. ಅವಳು ಪೂರ್ತಿ ಕೇಳಿ, ಯೆಮನ್‌ಗೆ ಆ ಗಿಡ ಎಲ್ಲಿಂದ ಹೋಯಿತು ಎಂದು ಕೇಳಿದಳು. ಅರೇಬಿಕಾ ಎಂಬ ಕಾಫಿ ಜಾತಿಯ ಹುಟ್ಟು ನೆಲೆ ಇಥಿಯೋಪಿಯಾದ ನೈಋತ್ಯ ಭಾಗದ ಕಾಡುಗಳು. ಕೆಂಪು ಸಮುದ್ರ ದಾಟಿ ಯೆಮನ್ ಸೇರಿದ್ದು ಆಮೇಲಿನ ಮಾತು. ನಮ್ಮ ಕಥೆ ಎರಡನೆಯ ಅಧ್ಯಾಯದಿಂದ ಶುರುವಾಗುತ್ತದೆ ಎನ್ನುವುದು ಕಾಫಿಯ ನಡುವೆಯೇ ಬೆಳೆದವರಿಗೂ ಹೀಗೆ ಯಾರಾದರೂ ಕೇಳುವವರೆಗೆ ಹೊಳೆಯುವುದಿಲ್ಲ.

ಡಿಸೆಂಬರಿನ ರಜೆಯಲ್ಲಿ ಅವಳನ್ನು ತೋಟಕ್ಕೆ ಕರೆತಂದಿದ್ದೆ. ಅರೇಬಿಕಾ ಕೊಯ್ಲು ನಡೆಯುತ್ತಿತ್ತು. ಬಾಳೆಹೊನ್ನೂರಿನ ಬಳಿಯ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ‘ಸೆಲೆಕ್ಷನ್ 9’ ತಳಿಯ ಗಿಡಗಳು ನಮ್ಮ ತೋಟದ ಒಂದು ಭಾಗದಲ್ಲಿವೆ. ಇಥಿಯೋಪಿಯಾದ ‘ಟಫಾರಿಕೆಲಾ’ವನ್ನು ‘ಹೈಬ್ರಿಡೊ ಡಿ ಟಿಮೋರ್’ ಜೊತೆ ಸಂಕರಗೊಳಿಸಿ ಪಡೆದ ತಳಿ ಅದು. ಅದನ್ನು ತಿಳಿದ ಮೇಲೆ ಅವಳು ಆ ಸಾಲುಗಳನ್ನು ಬಿಟ್ಟು ಬರಲೊಲ್ಲಳು. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ಗೆ ಹಾಕಿ, ತೊಳೆದು, ಕಣದಲ್ಲಿ ಪಾರ್ಚ್‌ಮೆಂಟ್, ಅಂದರೆ ಹೊಟ್ಟು ಸಹಿತ ಬೀಜ, ಒಣಗಿಸುವ ನಮ್ಮ ಕ್ರಮವನ್ನು ನೋಡಿ, ತನ್ನ ಮನೆಯಲ್ಲಿ ಹಣ್ಣನ್ನು ಇಡಿಯಾಗಿಯೇ ಬಿಸಿಲಿಗೆ ಹಾಕುವುದನ್ನು ವಿವರಿಸಿದಳು. ನಾವು ಚೆರ್ರಿ, ಅಂದರೆ ಸಿಪ್ಪೆ ಸಹಿತ ಒಣಗಿಸಿದ ಕಾಫಿ, ಮಾಡುವುದೂ ಹಾಗೆಯೇ.

ಆದರೆ ನಾನು ಹೇಳಬೇಕೆಂದಿರುವುದು ಸಂಜೆಯ ಸಂಗತಿ. ಅವರ ಕಡೆ ಕಾಫಿ ಎಂದರೆ ಗಂಟೆಗೂ ಮೀರಿದ ಕಲಾಪ. ಹಸಿರು ಬೀಜವನ್ನು ತೊಳೆದು, ಬಂದವರ ಎದುರಿನಲ್ಲೇ ಹುರಿದು, ಆ ಹೊಗೆಯ ಪರಿಮಳವನ್ನು ಪ್ರತಿಯೊಬ್ಬರ ಮೂಗಿನ ಬಳಿಗೆ ಒಯ್ದು, ಕುಟ್ಟಿ ಪುಡಿ ಮಾಡಿ, ‘ಜೆಬೆನಾ’ ಎಂಬ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಿಗೆ ಬಗ್ಗಿಸುತ್ತಾರೆ. ಅದೇ ಪುಡಿಗೆ ನೀರು ಹಾಕಿ ಎರಡನೆಯ ಬಾರಿ, ಮೂರನೆಯ ಬಾರಿ ಕಾಯಿಸುತ್ತಾರೆ. ಮೂರನೆಯ ಸುತ್ತನ್ನು ‘ಬರಕಾ’ ಎನ್ನುತ್ತಾರೆ. ಅದಕ್ಕೆ ಮುಂಚೆ ಎದ್ದುಹೋಗುವುದು ಮರ್ಯಾದೆಯಲ್ಲ. ಹುರಿದ ಬಾರ್ಲಿ ಅಥವಾ ಜೋಳದ ಅರಳು ಜೊತೆಗಿರುತ್ತದೆ. ಇಥಿಯೋಪಿಯಾ ತಾನು ಬೆಳೆದ ಕಾಫಿಯಲ್ಲಿ ಹೆಚ್ಚುಕಡಿಮೆ ಅರ್ಧವನ್ನು ತಾನೇ ಕುಡಿಯುತ್ತದೆ. ನಮ್ಮ ದೇಶದ ಕಾಫಿಯಲ್ಲಿ ಬಹುಪಾಲು ರಫ್ತಾಗುತ್ತದೆ. ಮನೆಯಲ್ಲಿ ಉಳಿದುದಕ್ಕೆ ಚಿಕೋರಿ ಬೆರೆಸಿ ನಾವು ಕುಡಿಯುತ್ತೇವೆ.

ಅವಳು ನಮ್ಮ ಕೊಟ್ಟಿಗೆಯ ಬಳಿ ಒಲೆ ಹೂಡಿ ಹೀಗೆ ಕಾಫಿ ಕಾಯಿಸಿ, ಕೊಯ್ಲಿಗೆ ಬಂದಿದ್ದ ಹೆಂಗಸರನ್ನೂ ಕೂರಲು ಕರೆದಳು. ಅವರು ಕೂರಲಿಲ್ಲ. ತಮ್ಮ ಲೋಟಗಳನ್ನು ತಾವೇ ತಂದು, ನಿಂತೇ ಕುಡಿದು ಹೋದರು. ಏಕೆ ಹೀಗೆ ಎಂದು ಅವಳು ಕೇಳಿದ್ದು ನನ್ನನ್ನಲ್ಲ, ನಮ್ಮ ಅಜ್ಜಿಯನ್ನು. ಅಜ್ಜಿ ಮೊದಲು “ಅದು ಮೊದಲಿನಿಂದ ಬಂದದ್ದು” ಎಂದರು, ಆಮೇಲೆ ಸುಮ್ಮನಾದರು. ಆ ರಾತ್ರಿ ನಮ್ಮ ಮನೆಯಲ್ಲಿ ನಡೆದಂಥ ಚರ್ಚೆ ಅದಕ್ಕೆ ಮುಂಚೆ ಎಂದೂ ನಡೆದಿರಲಿಲ್ಲ. ಅವಳ ನಾಡಿನ ಕಾಫಿಯ ಬಗ್ಗೆ ತಿಳಿದುಕೊಳ್ಳಲು ಹೊರಟ ನನಗೆ ನಮ್ಮ ಅಂಗಳದ ಲೋಟಗಳ ಲೆಕ್ಕ ಕಾಣಿಸಿತು. ಐದು ನಿಮಿಷದ ಭಾಷಣದಲ್ಲಿ ಇದು ಸಿಗುತ್ತಿರಲಿಲ್ಲ, ಏಕೆಂದರೆ ಅಲ್ಲಿ ಪ್ರಶ್ನೆ ಕೇಳುವ ಸರದಿ ಅವಳಿಗೆ ಬರುತ್ತಿರಲಿಲ್ಲ.

ವಿದ್ಯಾರ್ಥಿನಿಲಯದ ನಿವೃತ್ತ ಮೇಲ್ವಿಚಾರಕ, ಬಿ.ಎಂ. ರಸ್ತೆ, ಹಾಸನ

ಮೇಲಿನ ಬರಹವನ್ನು ಓದಿ ಸಂತೋಷವಾಯಿತು. ನಾನು ಕಂಡದ್ದು ಊಟದ ಮನೆಯ ಕಡೆಯಿಂದ. ನಮ್ಮಲ್ಲಿ ಇಥಿಯೋಪಿಯಾದ ಇಬ್ಬರು ಹುಡುಗರು ಇದ್ದರು. ಒಬ್ಬ ಅಲ್ಲಿನ ಆರ್ಥೊಡಾಕ್ಸ್ ಚರ್ಚಿನವನು, ಇನ್ನೊಬ್ಬ ಮುಸ್ಲಿಮ. ಮೊದಲನೆಯವನು ಬುಧವಾರ ಮತ್ತು ಶುಕ್ರವಾರ ಮೊಸರು, ತುಪ್ಪ, ಹಾಲು ಯಾವುದನ್ನೂ ಮುಟ್ಟುತ್ತಿರಲಿಲ್ಲ. ಉಪವಾಸ ಎನ್ನುತ್ತಿದ್ದ, ಆದರೆ ಅನ್ನ ಸಾರು ಉಣ್ಣುತ್ತಿದ್ದ. ನಮ್ಮ ಅಡುಗೆಯವರಿಗೆ ಇದು ಬಗೆಹರಿಯದ ಸಮಸ್ಯೆಯಾಯಿತು. ನಮ್ಮಲ್ಲಿ ಉಪವಾಸ ಎಂದರೆ ಅನ್ನ ಬಿಟ್ಟು, ಅವಲಕ್ಕಿ, ಉಪ್ಪಿಟ್ಟು, ಹಾಲು, ಹಣ್ಣು ತೆಗೆದುಕೊಳ್ಳುವುದು. ಅವನಿಗೆ ಹಾಲೇ ನಿಷಿದ್ಧ, ಅನ್ನ ಸರಿ. ಆ ಚರ್ಚಿನಲ್ಲಿ ಉಪವಾಸವೆಂದರೆ ಪ್ರಾಣಿಯಿಂದ ಬಂದ ಯಾವ ಆಹಾರವನ್ನೂ ಸೇವಿಸದಿರುವುದು. ವಾರದ ಆ ಎರಡು ದಿನಗಳಲ್ಲದೆ, ಈಸ್ಟರ್‌ಗೆ ಮುಂಚೆ 55 ದಿನಗಳ ದೊಡ್ಡ ಉಪವಾಸವೂ ಇದೆ. ಈಸ್ಟರ್ ಕಳೆದ ಮೇಲೆ 50 ದಿನ ವಾರದ ಉಪವಾಸಕ್ಕೂ ಬಿಡುವು. ಶ್ರದ್ಧಾವಂತರು ಎಲ್ಲ ಸೇರಿಸಿ ವರ್ಷದ ಅರ್ಧದಷ್ಟು ದಿನ ಹೀಗೆ ಕಳೆಯುತ್ತಾರೆ.

ಅದೇ ಪಂಕ್ತಿಯಲ್ಲಿ ಶ್ರವಣಬೆಳಗೊಳದ ಕಡೆಯ ಜೈನ ಹುಡುಗನೊಬ್ಬ ಗೆಡ್ಡೆಗೆಣಸು ಬಿಟ್ಟು, ಕತ್ತಲಾಗುವ ಮೊದಲೇ ಊಟ ಮುಗಿಸುತ್ತಿದ್ದ. ಇಥಿಯೋಪಿಯಾದ ಎರಡನೆಯ ಹುಡುಗ ರಂಜಾನಿನಲ್ಲಿ ಕತ್ತಲಾದ ಮೇಲೆಯೇ ಉಣ್ಣುತ್ತಿದ್ದ. ಇವರ ಮೂವರ ಊಟದ ಪಟ್ಟಿಯನ್ನು ಅಡುಗೆಯ ಮನೆಯ ಗೋಡೆಗೆ ಅಂಟಿಸಬೇಕಾಗಿ ಬಂದಾಗ, ಮಿಕ್ಕ ಹುಡುಗರು ತಾವಾಗಿಯೇ ಬಂದು ಕಾರಣ ಕೇಳತೊಡಗಿದರು. ಒಂದೇ ದೇಶದಿಂದ ಬಂದ ಇಬ್ಬರ ಪಟ್ಟಿ ಬೇರೆ ಬೇರೆ ಇದ್ದುದು ಅವರನ್ನು ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿತು.

ಗಡಿಯಾರದ ಮಾತನ್ನೂ ಸೇರಿಸುತ್ತೇನೆ. ಇಥಿಯೋಪಿಯಾದಲ್ಲಿಯೂ ತಾಂಜಾನಿಯಾದಲ್ಲಿಯೂ ಜನರು ಗಂಟೆಯನ್ನು ಬೆಳಗಿನಿಂದ ಎಣಿಸುತ್ತಾರೆ. ನಮ್ಮ ಏಳು ಗಂಟೆ ಅವರಿಗೆ ಒಂದು ಗಂಟೆ. ಸಮಭಾಜಕಕ್ಕೆ ಹತ್ತಿರವಿರುವ ನಾಡುಗಳಲ್ಲಿ ವರ್ಷವಿಡೀ ಸೂರ್ಯೋದಯ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಆಗುವುದರಿಂದ ಈ ಲೆಕ್ಕ ಅಲ್ಲಿ ಸಲೀಸು. ಪಂಚಾಂಗ ನೋಡುವ ನಮ್ಮ ಹಿರಿಯರಿಗೂ ದಿನ ಸೂರ್ಯೋದಯದಿಂದಲೇ ಆರಂಭ.

ಓದುಗ, ಅರಸೀಕೆರೆ

ಎಲ್ಲವನ್ನೂ ಓದಿದಾಗ ನನಗೆ ಅನ್ನಿಸುವುದು, ಮೂಲದಲ್ಲಿ ನಾವೆಲ್ಲರೂ ಒಂದೇ ಎಂದು. ಅವರ ಇಂಜೆರಾ ನಮ್ಮ ದೋಸೆ, ತಾಂಜಾನಿಯಾದವರ ಉಗಾಲಿ ನಮ್ಮ ಮುದ್ದೆ. ಹೀಗಿರುವಾಗ ಸಂಸ್ಕೃತಿಯ ವ್ಯತ್ಯಾಸವೆಂದು ಇಷ್ಟು ತಲೆ ಕೆಡಿಸಿಕೊಳ್ಳುವ ಅಗತ್ಯವೇನಿದೆ? ಮಕ್ಕಳು ಕುಣಿದು ಸಂತೋಷಪಡಲಿ ಬಿಡಿ.

ಕಾಫಿ ಬೆಳೆಗಾರ್ತಿ, ಚಿಕ್ಕಮಗಳೂರು

ಸರ್, ತಮ್ಮ ಮಾತಿನಲ್ಲಿ ಅರ್ಧವನ್ನು ಒಪ್ಪುತ್ತೇನೆ. ಮುದ್ದೆಯ ವಿಷಯದಲ್ಲಿ ನೆಂಟಸ್ತಿಕೆ ತಾವು ಅಂದುಕೊಂಡದ್ದಕ್ಕಿಂತ ಹಳೆಯದು. ರಾಗಿಯನ್ನು ಮೊದಲು ಬೇಸಾಯಕ್ಕೆ ತಂದದ್ದು ಪೂರ್ವ ಆಫ್ರಿಕಾದ ಎತ್ತರದ ನಾಡುಗಳಲ್ಲಿ. ನಮ್ಮ ಬಯಲುಸೀಮೆಗೆ ಅದು ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ಬಂದ ಧಾನ್ಯ. ಇಥಿಯೋಪಿಯಾದ ಕೆಲವು ಕಡೆ ಇಂದಿಗೂ ಟೆಫ್ ಧಾನ್ಯದ ಜೊತೆ ರಾಗಿಯನ್ನು ಬೆರೆಸಿ ಇಂಜೆರಾ ಹುಯ್ಯುತ್ತಾರೆ.

ಆದರೆ ‘ಇದು ನಮ್ಮ ದೋಸೆಯೇ’ ಎಂದೊಡನೆ ಮಾತು ಮುಗಿದುಹೋಗುತ್ತದೆ. ನನ್ನ ತಕರಾರು ಅಲ್ಲಿದೆ. ಇಂಜೆರಾ ಹುಳಿ ಬಂದ ಹಿಟ್ಟಿನದು ಎಂಬಲ್ಲಿಗೆ ಹೋಲಿಕೆ ನಿಲ್ಲುತ್ತದೆ. ಅದನ್ನು ದೊಡ್ಡ ತಟ್ಟೆಯಲ್ಲಿ ಹಾಸಿ, ಮೇಲೆ ಪಲ್ಯ ಗೊಜ್ಜುಗಳನ್ನು ಬಡಿಸಿ, ಸುತ್ತ ಕುಳಿತವರೆಲ್ಲರೂ ಅದೇ ತಟ್ಟೆಯಿಂದ ಹರಿದು ತಿನ್ನುತ್ತಾರೆ. ಪ್ರೀತಿ ಗೌರವ ಹೆಚ್ಚಾದರೆ ಒಬ್ಬರು ತಮ್ಮ ಕೈಯಿಂದ ತುತ್ತು ಸುತ್ತಿ ಇನ್ನೊಬ್ಬರ ಬಾಯಿಗೆ ಇಡುತ್ತಾರೆ. ಅದಕ್ಕೆ ‘ಗುರ್ಶಾ’ ಎಂದು ಹೆಸರು. ಬೇಡ ಎನ್ನುವುದು ಅಗೌರವ. ನಮ್ಮಲ್ಲಿ ಮಗುವಿಗೆ, ಇಲ್ಲವೇ ಮದುವೆಯ ದಿನ ಗಂಡುಹೆಣ್ಣಿಗೆ ಬಿಟ್ಟರೆ ಹೀಗೆ ಉಣಿಸುವ ರೂಢಿಯಿಲ್ಲ. ಎಂಜಲಿನ ಭಾವನೆ ಅಡ್ಡಬರುತ್ತದೆ. ನನ್ನ ಗೆಳತಿ ಹಾಸ್ಟೆಲಿನಲ್ಲಿ ಮೊದಲ ಸಲ ತುತ್ತು ಚಾಚಿದಾಗ ಒಬ್ಬಳು ನಕ್ಕು ತೆಗೆದುಕೊಂಡಳು, ಇನ್ನೊಬ್ಬಳು ಎದ್ದುಹೋದಳು. ನಾವು ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವುದು ಏಕೆಂದು ಅವಳಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಶುಚಿ, ಮಡಿ, ಜಾತಿ ಇವು ಮೂರೂ ಎಂಜಲಿನಲ್ಲಿ ಹೇಗೆ ಹೆಣೆದುಕೊಂಡಿವೆ ಎಂಬುದನ್ನು ಅವಳಿಗೆ ಬಿಡಿಸಿ ಹೇಳುವಾಗ ನಮ್ಮ ಕೋಣೆಯಲ್ಲಿ ಒಬ್ಬೊಬ್ಬರ ವಿವರಣೆ ಒಂದೊಂದು ರೀತಿಯಿತ್ತು. ಹೋಲಿಕೆಯನ್ನು ನೋಡಿ ತೃಪ್ತರಾಗಿ ನಿಂತಿದ್ದರೆ ನಾವು ಈ ಮಾತುಕತೆಗೆ ತಲುಪುತ್ತಿರಲಿಲ್ಲ.

ಇನ್ನೊಂದು ಮಾತು. ಅವಳು ಒರೊಮೊ ಜನಾಂಗದವಳು. ಇಥಿಯೋಪಿಯಾದಲ್ಲಿ 80ಕ್ಕೂ ಹೆಚ್ಚು ಭಾಷೆಗಳಿವೆ. ಅವಳ ತಾಯ್ನುಡಿಯನ್ನು ಬರೆಯುವುದು ರೋಮನ್ ಲಿಪಿಯಲ್ಲಿ, ಅಲ್ಲಿನ ಅಂಹಾರಿಕ್ ನುಡಿಯ ಲಿಪಿಯಲ್ಲಲ್ಲ. ನಮ್ಮ ಕಾಲೇಜಿನ ಕಾರ್ಯಕ್ರಮದಲ್ಲಿ ಅವಳಿಗೆ ‘ಇಥಿಯೋಪಿಯಾದ ಉಡುಗೆ’ ಎಂದು ತಂದುಕೊಟ್ಟದ್ದು ಬೇರೆ ಜನಾಂಗದ ಬಿಳಿಯ ಸೀರೆಯಂಥ ವಸ್ತ್ರ. ಕೊಡಗಿನವರಿಗೆ ಪಂಚೆ ಉಡಿಸಿ ‘ಇದು ಕರ್ನಾಟಕ’ ಎಂದರೆ ಅವರು ಏನೆಂದುಕೊಂಡಾರು?

ನೇಪಾಳದವನು, ಈಗ ಹಾಸನ

ನಾನು ಪ್ರೌಢಶಾಲೆಯಿಂದಲೂ ಇಲ್ಲಿಯೇ ಓದಿದವನಾದ್ದರಿಂದ ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ. ವ್ಯಾಕರಣದ ದೋಷಗಳಿದ್ದರೆ ಕ್ಷಮಿಸಿ. ಪ್ರಶ್ನೆ ಕೇಳಿಸಿಕೊಳ್ಳುವ ಕಡೆಯಿಂದ ಒಂದು ಮಾತು ಹೇಳಬೇಕೆನಿಸಿತು.

ಹೊಸಬರು ನನ್ನನ್ನು ಕೇಳುವುದು ಸಾಮಾನ್ಯವಾಗಿ ಎರಡು ವಿಷಯ: ಎವರೆಸ್ಟ್ ಹತ್ತಿದ್ದೀಯಾ, ನಿನ್ನ ತಂದೆ ಎಲ್ಲಿ ಕಾವಲು ಕೆಲಸ ಮಾಡುತ್ತಾರೆ. ನನ್ನ ಊರು ತರಾಯಿಯ ಬಯಲಿನಲ್ಲಿದೆ. ಬೇಸಿಗೆಯಲ್ಲಿ ಅರಸೀಕೆರೆಗಿಂತ ಸೆಕೆ ಹೆಚ್ಚು. ಹೆಸರು ತಿಳಿದ ಮೇಲೂ ‘ಬಹದ್ದೂರ್’ ಎಂದು ಕರೆಯುವವರಿದ್ದಾರೆ. ಇದನ್ನು ದೂರಾಗಿ ಬರೆಯುತ್ತಿಲ್ಲ. ಇಂಥವರ ಎದುರು ಐದು ನಿಮಿಷ ಮಾತನಾಡೆಂದರೆ ನಾನೂ ಎವರೆಸ್ಟಿನ ಬಗ್ಗೆಯೇ ಮಾತನಾಡಿ ಇಳಿಯುತ್ತೇನೆ, ಏಕೆಂದರೆ ಸಭೆ ಬಯಸುವುದು ಅದನ್ನೇ.

ನನ್ನ ಗೆಳೆಯರಾದವರು ನನ್ನ ಬಗ್ಗೆ ತಿಳಿದದ್ದು ದೀಪಾವಳಿಯ ರಜೆಯಲ್ಲಿ. ನಮ್ಮಲ್ಲಿ ಅದು ತಿಹಾರ್, ಐದು ದಿನ. ಮೊದಲ ದಿನ ಕಾಗೆಗೆ, ಎರಡನೆಯ ದಿನ ನಾಯಿಗೆ ಪೂಜೆ. ನಾಯಿಯ ಕೊರಳಿಗೆ ಮಾಲೆ ಹಾಕಿ, ಹಣೆಗೆ ತಿಲಕವಿಟ್ಟು ಒಳ್ಳೆಯ ಊಟ ಕೊಡುತ್ತೇವೆ. ಹಾಸ್ಟೆಲಿನ ಗೇಟಿನ ಬಳಿಯ ಬೀದಿನಾಯಿಗಳಿಗೆ ನಾನು ಚೆಂಡುಹೂವಿನ ಹಾರ ಹಾಕುವಾಗ ಸಹಾಯಕ್ಕೆ ಬಂದವರು ಮೊದಲು ತಮಾಷೆಗೆ ಬಂದರು, ಆಮೇಲೆ ತಮ್ಮ ಊರಿನಲ್ಲಿ ಪಿತೃಪಕ್ಷದ ದಿನ ಕಾಗೆಗೆ ಎಡೆ ಇಡುವ ಕ್ರಮವನ್ನು ವಿವರಿಸತೊಡಗಿದರು. ನಮ್ಮಲ್ಲಿ ವಾರದ ರಜೆ ಶನಿವಾರ. ಸರ್ಕಾರಿ ಕಾಗದಗಳ ಮೇಲೆ ವಿಕ್ರಮ ಸಂವತ್, ಅಂದರೆ ಇಲ್ಲಿನ ಇಸವಿಗಿಂತ ಸುಮಾರು 57 ವರ್ಷ ಮುಂದೆ. ನನ್ನ ಪಕ್ಕದ ಬೆಂಚಿನ ಇಥಿಯೋಪಿಯಾದವನ ಲೆಕ್ಕದಲ್ಲಿ ಇಸವಿ ಏಳೆಂಟು ವರ್ಷ ಹಿಂದೆ. ಅವರಲ್ಲಿ 2000ನೆಯ ವರ್ಷ ಆರಂಭವಾದದ್ದು ಇಲ್ಲಿನ 2007ರ ಸೆಪ್ಟೆಂಬರ್ 12ರಂದು. ಜನ್ಮ ದಿನಾಂಕ ತುಂಬುವ ಅರ್ಜಿ ಬಂದಾಗಲೆಲ್ಲ ನಾವಿಬ್ಬರೂ ಒಟ್ಟಿಗೆ ಲೆಕ್ಕ ಹಾಕುತ್ತೇವೆ.

ಕಚೇರಿ ನೌಕರ, ಚನ್ನರಾಯಪಟ್ಟಣ

ಅರ್ಜಿಯ ಮಾತು ಬಂದದ್ದರಿಂದ ಒಂದೆರಡು ಸಾಲು. ಪ್ರವೇಶ ವಿಭಾಗದಲ್ಲಿ ಕೆಲಸ ಮಾಡಿದವರಿಗೆ ‘ಕುಲನಾಮ’ ಎಂಬ ಖಾನೆಯ ಕಷ್ಟ ಗೊತ್ತು. ಊರಿನ ಹೆಸರು, ತಂದೆಯ ಹೆಸರುಗಳ ಮೊದಲಕ್ಷರ ಇಟ್ಟುಕೊಂಡ ನಮಗೆ ಅಲ್ಲಿ ಬರೆಯಲು ಏನೂ ಇಲ್ಲ. ಇಥಿಯೋಪಿಯಾದವರು ತಮ್ಮ ಹೆಸರಿನ ಮುಂದೆ ತಂದೆಯ ಹೆಸರು, ಅದರ ಮುಂದೆ ಅಜ್ಜನ ಹೆಸರು ಬರೆಯುತ್ತಾರೆ. ಮದುವೆಯಾದರೂ ಹೆಣ್ಣುಮಕ್ಕಳ ಹೆಸರು ಬದಲಾಗುವುದಿಲ್ಲ. ಭೂತಾನಿನ ಬಹಳಷ್ಟು ಮಂದಿಗೆ ಮನೆತನದ ಹೆಸರೇ ಇರುವುದಿಲ್ಲ, ಎರಡು ಪದಗಳಿದ್ದರೂ ಎರಡೂ ಅವರದೇ. ಅಣ್ಣ ತಂಗಿಯರ ಹೆಸರುಗಳಲ್ಲಿ ಒಂದೂ ಹೊಂದುವುದಿಲ್ಲ. ಪಾಳಿಯಲ್ಲಿ ನಿಂತ ನಮ್ಮ ಹುಡುಗರೂ ಅವರೂ ಒಬ್ಬರಿಗೊಬ್ಬರು ಇದನ್ನು ವಿವರಿಸಿಕೊಳ್ಳುತ್ತಿದ್ದುದನ್ನು ಕಂಡಿದ್ದೇನೆ.

ಸಕಲೇಶಪುರದವನು, ಜರ್ಮನಿಯಲ್ಲಿ ಓದಿದವನು

ನೇಪಾಳದ ಸದಸ್ಯರು ಬರೆದದ್ದು ಹೊರದೇಶದಲ್ಲಿ ನನಗೂ ಅನ್ವಯಿಸಿತು. ಅಲ್ಲಿ ಭಾರತದವನು ನಾನೊಬ್ಬನೇ ಇದ್ದ ಗುಂಪಿನಲ್ಲಿ ಜಾತಿಯ ಬಗ್ಗೆ, ಮದುವೆಯ ಬಗ್ಗೆ, ಗೋವಿನ ಬಗ್ಗೆ ಕೇಳಿದ ಪ್ರಶ್ನೆಗಳಿಗೆಲ್ಲ ಇಡೀ ದೇಶದ ಪರವಾಗಿ ಉತ್ತರಿಸಬೇಕಾಗುತ್ತಿತ್ತು. ನಾನು ಕ್ರಮೇಣ ‘ಭಾರತದಲ್ಲಿ ಹೀಗೆ’ ಎನ್ನುವುದನ್ನು ಬಿಟ್ಟು ‘ನಮ್ಮ ಮನೆಯಲ್ಲಿ ಹೀಗೆ’ ಎನ್ನತೊಡಗಿದೆ. ಅದರಿಂದ ಉತ್ತರ ಚಿಕ್ಕದಾಯಿತು, ಮಾತುಕತೆ ದೊಡ್ಡದಾಯಿತು.

ಜರ್ಮನ್ನರ ಸಮಯಪಾಲನೆಯ ಬಗ್ಗೆ ಬಹಳ ಕೇಳಿ ಹೋಗಿದ್ದೆ. ವಿಶ್ವವಿದ್ಯಾಲಯಗಳಲ್ಲಿ ಹತ್ತು ಗಂಟೆಗೆ ಎಂದು ಮುದ್ರಿಸಿದ ಉಪನ್ಯಾಸ ಹತ್ತೂಕಾಲಿಗೆ ಆರಂಭವಾಗುವ ಹಳೆಯ ರೂಢಿಯೊಂದಿದೆ, ವೇಳಾಪಟ್ಟಿಯಲ್ಲಿ ಅದಕ್ಕೆ ಸಂಕೇತಾಕ್ಷರವೂ ಇದೆ. ಹುಟ್ಟುಹಬ್ಬಕ್ಕೆ ಒಂದು ದಿನ ಮುಂಚಿತವಾಗಿ ಶುಭಾಶಯ ಹೇಳಿದರೆ ಅಶುಭವೆಂದು ಬೇಸರಿಸಿಕೊಳ್ಳುತ್ತಾರೆ. ಇಂಥವು ಪುಸ್ತಕ ಓದಿ ಹೋದವನ ಲೆಕ್ಕವನ್ನು ತಪ್ಪಿಸುತ್ತವೆ. ನಾನು ಹೆಚ್ಚು ಕಲಿತದ್ದು ಇರಾನಿನ ಸಹಪಾಠಿಯಿಂದ. ಅವರಲ್ಲಿ ‘ತಾರೋಫ್’ ಎಂಬ ಉಪಚಾರವಿದೆ: ಕೊಟ್ಟದ್ದನ್ನು ಮೊದಲು ಬೇಡವೆನ್ನಬೇಕು, ಕೊಡುವವರು ಮತ್ತೆ ಮತ್ತೆ ಒತ್ತಾಯಿಸಬೇಕು, ಅಂಗಡಿಯವನೂ ‘ದುಡ್ಡು ಬೇಡ’ ಎನ್ನುತ್ತಾನೆ, ಆದರೆ ಕೊಡದೆ ಬರುವಂತಿಲ್ಲ. ಮಲೆನಾಡಿನ ಉಪಚಾರದಲ್ಲಿ ಬೆಳೆದ ನನಗೆ ಒತ್ತಾಯದ ಭಾಗ ಸುಲಭವಾಗಿ ಅರ್ಥವಾಯಿತು. ಅಂಗಡಿಯವನ ಭಾಗ ಮಾತ್ರ ಇಂದಿಗೂ ಪೂರ್ತಿ ಅರ್ಥವಾಗಿಲ್ಲ.

ನಿವೃತ್ತ ಮುಖ್ಯೋಪಾಧ್ಯಾಯ, ಕಡೂರು

ಎಲ್ಲರೂ ಊಟ ಉಪಚಾರದ ಬಗ್ಗೆ ಬರೆದಿದ್ದೀರಿ, ಬಾಡಿಗೆಯ ಮನೆಯ ಬಗ್ಗೆ ಯಾರೂ ಬರೆದಿಲ್ಲ. ಆಫ್ರಿಕಾದ ವಿದ್ಯಾರ್ಥಿಗಳಿಗೆ ನಮ್ಮ ಊರುಗಳಲ್ಲಿ ಮನೆ ಸಿಗುವುದು ಎಷ್ಟು ಕಷ್ಟವೆಂಬುದು ಎಲ್ಲರಿಗೂ ತಿಳಿದದ್ದೇ. ಬಸ್ಸಿನಲ್ಲಿ ಕೇಳದೆ ಕೂದಲು ಮುಟ್ಟುವವರು, ಹಿಂದಿನಿಂದ ಹೆಸರಿಟ್ಟು ಕೂಗುವವರು ಇದ್ದಾರೆ. 2016ರ ಜನವರಿಯ ಕೊನೆಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬರ ಮೇಲೆ ಗುಂಪು ಹಲ್ಲೆ ನಡೆಸಿತು. ಬೇರೊಂದು ದೇಶದವನು ಅದಕ್ಕೆ ಮುಂಚೆ ಮಾಡಿದ್ದ ಅಪಘಾತ ಗುಂಪಿನ ಕೋಪಕ್ಕೆ ಕಾರಣ; ಅದಕ್ಕೂ ಅವರಿಗೂ ಸಂಬಂಧವೇ ಇರಲಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಆಫ್ರಿಕಾ ಮೂಲದ ಸಿದ್ದಿ ಜನರು ತಲೆತಲಾಂತರದಿಂದ ಕನ್ನಡಿಗರು, 2003ರಿಂದ ಪರಿಶಿಷ್ಟ ಪಂಗಡಕ್ಕೆ ಸೇರಿದವರು. ಅವರನ್ನೇ ‘ಯಾವ ದೇಶ’ ಎಂದು ಕೇಳುವ ನಾವು ಪರದೇಶದವರ ನೃತ್ಯಕ್ಕೆ ಚಪ್ಪಾಳೆ ತಟ್ಟಿದರೆ ಅದರಲ್ಲಿ ಕಲಿಕೆ ಏನಿದೆ? ಮೇಡಂ ಅವರ ಕಾಲೇಜು ಮೊದಲು ತನ್ನ ವಿದ್ಯಾರ್ಥಿಗಳಿಗೆ ಮನೆ ಕೊಡಿಸುವ ಹೊಣೆ ಹೊರಲಿ. ಸಂಸ್ಕೃತಿ ದಿನ ಆಮೇಲೆ.

ಉಪನ್ಯಾಸಕಿ, ಹಾಸನ

ಎಲ್ಲರಿಗೂ ಕೃತಜ್ಞತೆಗಳು. ಮುಖ್ಯೋಪಾಧ್ಯಾಯರ ಮಾತನ್ನು ಪ್ರಾಂಶುಪಾಲರ ಗಮನಕ್ಕೆ ತಂದಿದ್ದೇನೆ. ಮನೆ ಬಾಡಿಗೆಗೆ ಹುಡುಕುವಾಗ ಕಾಲೇಜಿನ ಒಬ್ಬ ಅಧ್ಯಾಪಕರು ಜೊತೆಗೆ ಹೋಗುವುದೆಂದು ಸದ್ಯಕ್ಕೆ ತೀರ್ಮಾನವಾಗಿದೆ. ಪ್ರಯೋಗಾಲಯದ ತಂಡಗಳನ್ನು ಕ್ರಮಸಂಖ್ಯೆಯಂತೆ ಮಾಡುವುದನ್ನು ನಿಲ್ಲಿಸಿ, ಪ್ರತಿ ತಂಡದಲ್ಲಿಯೂ ಬೇರೆ ಬೇರೆ ಕಡೆಯವರು ಇರುವಂತೆ ನಾನೇ ಹಂಚಿದ್ದೇನೆ. ಇದಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ.

ಸಮಿತಿಯು ನೃತ್ಯವನ್ನು ಪೂರ್ತಿ ಕೈಬಿಡಲು ಒಪ್ಪಲಿಲ್ಲ, ನಾನೂ ಹಟ ಹಿಡಿಯಲಿಲ್ಲ; ಕುಣಿಯಲು ಇಷ್ಟಪಡುವ ವಿದ್ಯಾರ್ಥಿಗಳೂ ಇದ್ದಾರೆ. ಆದರೆ ಭಾಷಣದ ಬದಲು ಅಡುಗೆಯ ಮನೆಯನ್ನು ಒಂದು ದಿನ ವಿದ್ಯಾರ್ಥಿಗಳಿಗೆ ಬಿಟ್ಟುಕೊಡುವುದೆಂದಾಯಿತು. ಇಥಿಯೋಪಿಯಾದವರ ಹೊಸ ವರ್ಷ ‘ಎಂಕುಟಟಾಶ್’ ಸಾಮಾನ್ಯವಾಗಿ ಸೆಪ್ಟೆಂಬರ್ 11ಕ್ಕೆ ಬರುವುದರಿಂದ ಅದೇ ದಿನ ಇಟ್ಟುಕೊಳ್ಳೋಣವೆಂಬ ಸಲಹೆ ಇದೆ. ಆ ಸುಮಾರಿಗೇ ಗಣೇಶನ ಹಬ್ಬವೂ ಇದೆ. ಮೇಲ್ವಿಚಾರಕರು ದಯವಿಟ್ಟು ಒಂದು ವಿಷಯ ತಿಳಿಸಬೇಕು: ಆ ದಿನ ಶುಕ್ರವಾರವಾದರೆ ಏನು ಅಡುಗೆ ಮಾಡಿಸಬಹುದು?

ವಿದ್ಯಾರ್ಥಿನಿಲಯದ ನಿವೃತ್ತ ಮೇಲ್ವಿಚಾರಕ, ಬಿ.ಎಂ. ರಸ್ತೆ, ಹಾಸನ

ಮೇಡಂ, ಹಬ್ಬದ ದಿನ ಉಪವಾಸ ಹಿಡಿಯುತ್ತಾರೋ ಇಲ್ಲವೋ ಎಂಬುದನ್ನು ಆ ವಿದ್ಯಾರ್ಥಿಗಳನ್ನೇ ಕೇಳಿ; ಒಬ್ಬೊಬ್ಬರ ನಡಾವಳಿ ಒಂದೊಂದು ರೀತಿ ಇರಬಹುದು. ಹಿಡಿಯುವವರಿದ್ದರೂ ತೊಂದರೆಯಿಲ್ಲ. ಅವರ ಉಪವಾಸದ ಅಡುಗೆಯಲ್ಲಿ ಕಡಲೆ ಹಿಟ್ಟಿನಿಂದ ಮಾಡುವ ‘ಶಿರೋ’ ಎಂಬ ಗೊಜ್ಜು ಮುಖ್ಯವಾದದ್ದು, ಮಸೂರ ಬೇಳೆಯದೂ ಒಂದಿದೆ. ಎರಡಕ್ಕೂ ಬೇಕಾದ ಸಾಮಾನು ನಮ್ಮ ಅಂಗಡಿಗಳಲ್ಲಿ ಸಿಗುತ್ತದೆ. ‘ಬೆರ್ಬೆರೆ’ ಎಂಬ ಅವರ ಖಾರದ ಪುಡಿಯನ್ನು ಹುಡುಗರು ಊರಿಂದ ಬರುವಾಗ ತಂದಿರುತ್ತಾರೆ. ಟೆಫ್ ಇಲ್ಲಿ ಸುಲಭವಾಗಿ ಸಿಗುವುದಿಲ್ಲವಾದ್ದರಿಂದ ರಾಗಿ ಹಿಟ್ಟನ್ನು ಎರಡು ದಿನ ಮೊದಲೇ ಕಲಸಿ ಹುಳಿ ಬರಿಸಲು ಹೇಳಿ. ನಮ್ಮ ಕಡೆಯಿಂದ ಬಸ್ಸಾರು ಮಾಡಿಸುವುದಾದರೆ ಒಗ್ಗರಣೆಗೆ ಎಣ್ಣೆಯನ್ನೇ ಬಳಸಲಿ, ತುಪ್ಪ ಬೇಡ. ಗಣೇಶನ ಕಡುಬಿಗೂ ಅಷ್ಟೇ. ಜೈನ ವಿದ್ಯಾರ್ಥಿಗಳಿಗಾಗಿ ಈರುಳ್ಳಿ ಬೆಳ್ಳುಳ್ಳಿ ಹಾಕದ ಒಂದು ಪಾತ್ರೆಯನ್ನು ಬೇರೆ ಇಡಿಸಿ, ಅದರ ಮೇಲೆ ಚೀಟಿ ಅಂಟಿಸಲು ಮರೆಯಬೇಡಿ.